ಹುಟ್ಟಿದ ದಿನವೋ, ತೊಟ್ಟಿಲಿಗೆ ಹಾಕಿದ ದಿನವೋ?

ನಮ್ಮ ಹಿರಿಯರಲ್ಲಿ ಅನೇಕರಿಗೆ ಹುಟ್ಟಿದ ದಿನ ಎರಡು. ಒಂದು ಪಂಚಾಂಗದ್ದು, ಮನೆಯವರು ತಿಥಿ, ನಕ್ಷತ್ರ ಹೇಳಿ ನೆನಪಿಟ್ಟುಕೊಂಡದ್ದು. ಇನ್ನೊಂದು ಸ್ಕೂಲಿನ ರಿಜಿಸ್ಟರಿನದು. ಒಂದನೆಯ ಕ್ಲಾಸಿಗೆ ಸೇರಿಸುವಾಗ ವಯಸ್ಸಿನ ಲೆಕ್ಕ ಸರಿಹೋಗಲೆಂದು ಮೇಷ್ಟ್ರು ಬರೆದುಕೊಂಡದ್ದು. ಎಸ್.ಎಸ್.ಎಲ್.ಸಿ. ಸರ್ಟಿಫಿಕೇಟಿನಿಂದ ಹಿಡಿದು ಪಾಸ್‌ಪೋರ್ಟಿನವರೆಗೆ ಚಲಾವಣೆಯಲ್ಲಿರುವುದು ಈ ಎರಡನೆಯದೇ. ಮನೆಯಲ್ಲಿ ಪಾಯಸ ಮಾಡುವುದು ಮಾತ್ರ ಮೊದಲನೆಯ ದಿನ.

ನಾವು ಬಂದು ನೆಲೆಸಿರುವ ಈ ಅಮೆರಿಕದವರಿಗೆ ವಾರ್ಷಿಕೋತ್ಸವವೆಂದರೆ ಬಲು ಪ್ರೀತಿ. ಮನುಷ್ಯರದಷ್ಟೇ ಅಲ್ಲ, ಸಾಮಾನುಗಳದೂ ಆಗಬೇಕು. ಇಂಥ ಸಿನಿಮಾ ತೆರೆಗೆ ಬಂದು ಇಂದಿಗೆ ಐವತ್ತು ವರ್ಷ, ಇಂಥ ಬಿಸ್ಕತ್ತು ಅಂಗಡಿಗೆ ಬಂದು ನೂರು ವರ್ಷ ಎಂದು ಪತ್ರಿಕೆಗಳು ಬರೆಯುತ್ತವೆ, ಟೆಲಿವಿಷನ್ನಿನವರು ಹೇಳುತ್ತಾರೆ, ಕಂಪೆನಿಯವರು ವಿಶೇಷ ಡಬ್ಬಿ ಹೊರತರುತ್ತಾರೆ. ಈ ಸಾಮಾನುಗಳಿಗೂ ನಮ್ಮ ಹಿರಿಯರಂತೆಯೇ ಎರಡು ಜನ್ಮದಿನಗಳಿವೆ ಎಂಬುದನ್ನು ಮಾತ್ರ ಯಾರೂ ಎತ್ತಿ ಹೇಳುವುದಿಲ್ಲ. ಮಾಡಿದ ದಿನ ಒಂದು. ಪೇಟೆಗೆ ಬಂದ ದಿನ ಇನ್ನೊಂದು. ಇಲ್ಲಿ ಪಾಯಸ ಮಾಡುವುದು ಯಾವಾಗಲೂ ಎರಡನೆಯ ದಿನ!

ಇದಕ್ಕೆ ಉದಾಹರಣೆಯಾಗಿ ಒಂದೇ ತಾರೀಖನ್ನು ತೆಗೆದುಕೊಳ್ಳೋಣ. ಮೇ 15. ಈ ದೇಶದ ಜನಜೀವನದಲ್ಲಿ ಬೆರೆತುಹೋಗಿರುವ ಮೂರು ಸಂಗತಿಗಳು ಈ ತಾರೀಖಿನಂದು ಮೊದಲ ಬಾರಿಗೆ ಜನರ ಎದುರು ಬಂದವು. ಮಿಕ್ಕಿ ಮೌಸ್ 1928ರಲ್ಲಿ. ನೈಲಾನ್ ಸ್ಟಾಕಿಂಗ್ಸ್ ಮತ್ತು ಮೆಕ್‌ಡೊನಾಲ್ಡ್ಸ್ ಎರಡೂ 1940ರಲ್ಲಿ, ಒಂದೇ ದಿನ. ಇವುಗಳಲ್ಲಿ ಒಂದರ ಉತ್ಸವ ಮಾತ್ರ ಮೇ 15ರ ಹೆಸರಿನಲ್ಲಿ ನಿಂತಿದೆ. ಉಳಿದೆರಡರ ದಿನ ಏಕೆ ಬದಲಾಯಿತು, ಆ ಒಂದರಲ್ಲಿ ಯಾರು ಇರಲಿಲ್ಲ ಎಂದು ನೋಡಿದರೆ ವಿಷಯ ತಾನಾಗಿಯೇ ತಿಳಿಯುತ್ತದೆ.

ಇಲಿರಾಯನ ಜಾತಕ

1928ರ ಆರಂಭದಲ್ಲಿ ವಾಲ್ಟ್ ಡಿಸ್ನಿಯವರ ಸ್ಥಿತಿ ಅಷ್ಟು ಚೆನ್ನಾಗಿರಲಿಲ್ಲ. ಅವರ ಸ್ಟುಡಿಯೋ ಆಸ್ವಾಲ್ಡ್ ಎಂಬ ಮೊಲದ ಕಾರ್ಟೂನ್ ಚಿತ್ರಗಳನ್ನು ತಯಾರಿಸುತ್ತಿತ್ತು. ಹೆಚ್ಚು ಹಣ ಕೇಳಲೆಂದು ನ್ಯೂಯಾರ್ಕಿಗೆ ಹೋದಾಗ ತಿಳಿದದ್ದೇನೆಂದರೆ, ಕರಾರಿನ ಪ್ರಕಾರ ಮೊಲ ತಮ್ಮದಲ್ಲ, ಯೂನಿವರ್ಸಲ್ ಕಂಪೆನಿಯದು! ಸಾಲದ್ದಕ್ಕೆ ಸ್ಟುಡಿಯೋದ ಚಿತ್ರಕಾರರಲ್ಲಿ ಬಹುಪಾಲು ಮಂದಿ ಆ ಕಡೆಗೆ ಹೋಗಲು ಒಪ್ಪಿಕೊಂಡಿದ್ದರು. ಹೋಗದೆ ನಿಂತವರಲ್ಲಿ ಮುಖ್ಯರಾದವರು ಅಬ್ ಐವರ್ಕ್ಸ್.

ಮೊಲ ಹೋದಮೇಲೆ ಇಲಿ ಬಂತು. ಮಿಕ್ಕಿಯ ಮೊದಲ ಚಿತ್ರ 'ಪ್ಲೇನ್ ಕ್ರೇಜಿ'. ಹಿಂದಿನ ವರ್ಷ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬರೇ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿದ್ದರಷ್ಟೆ. ಇಲಿಗೂ ವಿಮಾನ ಹಾರಿಸುವ ಹುಚ್ಚು. ಈ ಚಿತ್ರದ ರೇಖೆಗಳನ್ನು ಬಹುಮಟ್ಟಿಗೆ ಐವರ್ಕ್ಸ್ ಒಬ್ಬರೇ ಬರೆದರು. ದಿನಕ್ಕೆ ಏಳುನೂರು ಚಿತ್ರ ಬರೆದರೆಂದು ಆ ವೃತ್ತಿಯವರು ಇಂದಿಗೂ ಹೇಳುತ್ತಾರೆ. 1928ರ ಮೇ 15ರಂದು ಹಾಲಿವುಡ್ಡಿನ ಒಂದು ಚಿತ್ರಮಂದಿರದಲ್ಲಿ ಅದನ್ನು ಪರೀಕ್ಷಾರ್ಥವಾಗಿ ತೋರಿಸಿದರು. ಮೂಕಿ ಚಿತ್ರ. ಕೊಳ್ಳಲು ಹಂಚಿಕೆದಾರರು ಯಾರೂ ಮುಂದೆ ಬರಲಿಲ್ಲ. ಎರಡನೆಯ ಚಿತ್ರಕ್ಕೂ ಅದೇ ಗತಿ.

ಮೂರನೆಯದಕ್ಕೆ ಡಿಸ್ನಿಯವರು ಧ್ವನಿ ಕೂಡಿಸಿದರು. ಇಲಿ ಸಿಳ್ಳೆ ಹಾಕಿದರೆ ಸಿಳ್ಳೆ ಕೇಳಬೇಕು, ಪಾತ್ರೆ ಬಡಿದರೆ ತಾಳ ಕೇಳಬೇಕು. ಅದೇ 'ಸ್ಟೀಮ್‌ಬೋಟ್ ವಿಲ್ಲಿ'. 1928ರ ನವೆಂಬರ್ 18ರಂದು ನ್ಯೂಯಾರ್ಕಿನ ಕಾಲನಿ ಥಿಯೇಟರಿನಲ್ಲಿ ಬಿಡುಗಡೆಯಾಗಿ ಜಯಭೇರಿ ಹೊಡೆಯಿತು. ಮೊದಲನೆಯ ಚಿತ್ರಕ್ಕೂ ಧ್ವನಿ ಸೇರಿಸಿ 1929ರಲ್ಲಿ ಬಿಡುಗಡೆ ಮಾಡಿದರು. ಹೀಗೆ ಹಿರಿಯ ಮಗನೇ ಕಿರಿಯನಾದ. ಬಹಳ ವರ್ಷ ಮಿಕ್ಕಿಯ ಹುಟ್ಟುಹಬ್ಬವನ್ನು ಅನುಕೂಲ ನೋಡಿಕೊಂಡು ಬೇರೆ ಬೇರೆ ದಿನ ಮಾಡುತ್ತಿದ್ದರು. ಕಡೆಗೆ, ಐವತ್ತು ತುಂಬುವ ಹೊತ್ತಿಗೆ, ನವೆಂಬರ್ 18 ಎಂದು ಕಂಪೆನಿಯೇ ಗೊತ್ತುಮಾಡಿತು. ಇದೇ ಈಗ ಶಾಲೆಯ ರಿಜಿಸ್ಟರಿನ ತಾರೀಖು.

ಚಿತ್ರದ ಆರಂಭದ ಫಲಕದಲ್ಲಿ ವಾಲ್ಟ್ ಡಿಸ್ನಿಯವರ ಹೆಸರಿನ ಜೊತೆಗೆ ಐವರ್ಕ್ಸರ ಹೆಸರೂ ಇದೆ. ಆದರೆ ಜನ ಓದಿಕೊಂಡದ್ದು ಮೊದಲನೆಯ ಹೆಸರನ್ನು ಮಾತ್ರ. ಐವರ್ಕ್ಸ್ 1930ರಲ್ಲಿ ಬಿಟ್ಟುಹೋಗಿ ಸ್ವಂತ ಸ್ಟುಡಿಯೋ ಮಾಡಿದರು. ಅದು ಅಷ್ಟಾಗಿ ನಡೆಯಲಿಲ್ಲ. 1940ರಲ್ಲಿ ಮತ್ತೆ ಡಿಸ್ನಿಯವರಲ್ಲಿಗೇ ಬಂದು ಕ್ಯಾಮೆರಾ ತಂತ್ರದಲ್ಲಿ ದೊಡ್ಡ ಕೆಲಸ ಮಾಡಿದರು. ತನ್ನ ಮೊಲವನ್ನು ಕಳೆದುಕೊಂಡಾಗ ಮಾಡಿದವನ ಸಂಕಟ ಏನೆಂದು ವಾಲ್ಟ್ ಡಿಸ್ನಿಯವರೇ ಅನುಭವಿಸಿದ್ದರು ಎಂಬುದನ್ನೂ ಇಲ್ಲಿ ಮರೆಯಬಾರದು. ಆ ಮೊಲ ಡಿಸ್ನಿ ಕಂಪೆನಿಗೆ ವಾಪಸು ಬಂದದ್ದು 2006ರಲ್ಲಿ, ಅವರು ತೀರಿಕೊಂಡು ಸುಮಾರು ನಲವತ್ತು ವರ್ಷವಾದಮೇಲೆ.

ಹರಳೆಣ್ಣೆಯೋ, ಬೆಂಜೀನೋ

ಎರಡನೆಯ ಕಥೆ ನಮ್ಮ ಕಸುಬಿನದು, ರಸಾಯನಶಾಸ್ತ್ರದ್ದು. ಆದ್ದರಿಂದ ಸ್ವಲ್ಪ ಹೆಚ್ಚು ಹೇಳಿದರೆ ಓದುಗರು ಸಹಿಸಬೇಕು.

ವಾಲೆಸ್ ಕರಾದರ್ಸ್ ಎಂಬ ರಸಾಯನಜ್ಞರು ಹಾರ್ವರ್ಡಿನ ಮೇಷ್ಟರಿಕೆ ಬಿಟ್ಟು 1928ರಲ್ಲಿ ಡೆಲವೇರ್ ಸಂಸ್ಥಾನದ ವಿಲ್ಮಿಂಗ್ಟನ್ನಿನ ಡುಪಾಂಟ್ ಕಂಪೆನಿಗೆ ಬಂದರು. ಸಣ್ಣ ಅಣುಗಳನ್ನು ಪೋಣಿಸಿ ಉದ್ದನೆಯ ಸರ ಮಾಡಬಹುದೇ ಎಂಬುದು ಅವರ ಪ್ರಶ್ನೆ. ಎರಡು ಜಾತಿಯ ಅಣುಗಳಿವೆ ಎನ್ನಿ. ಎರಡಕ್ಕೂ ಮನುಷ್ಯರಂತೆ ಎರಡೆರಡು ಕೈ. ಒಂದು ಜಾತಿಯದು ಇನ್ನೊಂದು ಜಾತಿಯದರ ಕೈಯನ್ನು ಮಾತ್ರ ಹಿಡಿಯುತ್ತದೆ. ಹಿಡಿದಾಗಲೆಲ್ಲ ಒಂದು ನೀರಿನ ಅಣು ಹೊರಬೀಳುತ್ತದೆ. ಆ ನೀರನ್ನು ತೆಗೆದುಹಾಕುತ್ತ ಹೋದರೆ ಸಾಲು ಬೆಳೆಯುತ್ತ ಹೋಗುತ್ತದೆ. 1930ರಲ್ಲಿ ಅವರ ತಂಡದ ಜೂಲಿಯನ್ ಹಿಲ್ ಇಂಥ ಒಂದು ಪದಾರ್ಥದಲ್ಲಿ ಕಡ್ಡಿ ಅದ್ದಿ ಎಳೆದಾಗ ರೇಷ್ಮೆಯಂಥ ನೂಲು ಬಂತು. ಎಳೆದಷ್ಟೂ ಗಟ್ಟಿಯಾಯಿತು. ಆದರೆ ಅದು ಬಿಸಿನೀರನ್ನು ತಡೆಯುವಂಥದಾಗಿರಲಿಲ್ಲ. ಒಗೆದರೆ ನಿಲ್ಲದ ಬಟ್ಟೆ ಯಾರಿಗೆ ಬೇಕು?

ಐದು ವರ್ಷದ ಮೇಲೆ, 1935ರ ಫೆಬ್ರವರಿ 28ರಂದು, ಆರು ಕಾರ್ಬನ್ನಿನ ಅಡಿಪಿಕ್ ಆಮ್ಲವನ್ನೂ ಆರು ಕಾರ್ಬನ್ನಿನ ಒಂದು ಡೈಅಮೀನನ್ನೂ ಸೇರಿಸಿ ಹೊಸ ಪದಾರ್ಥ ತಯಾರಾಯಿತು. ಪ್ರಯೋಗಾಲಯದಲ್ಲಿ ಕೈಯಾರೆ ಮಾಡಿದವರು ಕರಾದರ್ಸರ ತಂಡದ ಜೆರಾರ್ಡ್ ಬರ್ಷೆ. ಕರಗಲು 260 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಶಾಖ ಬೇಕು. ಒಗೆತಕ್ಕೆ ಹೆದರದ ನೂಲು. ಇದು ನೈಲಾನ್ ಹುಟ್ಟಿದ ದಿನ. ಇದೇ ಪಂಚಾಂಗದ ತಾರೀಖು.

ಕರಾದರ್ಸ್ ಬಹಳ ವರ್ಷಗಳಿಂದ ಮನೋವ್ಯಥೆಯಿಂದ ನರಳುತ್ತಿದ್ದವರು. 1936ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಚುನಾಯಿತರಾದರು; ಕಂಪೆನಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಸಾವಯವ ರಸಾಯನಜ್ಞರಿಗೆ ಈ ಗೌರವ ಸಂದದ್ದು ಅದೇ ಮೊದಲು. ಆದರೂ ತಮ್ಮಿಂದ ಇನ್ನು ಏನೂ ಆಗದೆಂಬ ಭಾವನೆ ಅವರನ್ನು ಬಿಡಲಿಲ್ಲ. 1937ರ ಜನವರಿಯಲ್ಲಿ ಪ್ರೀತಿಯ ತಂಗಿ ತೀರಿಕೊಂಡರು. ಏಪ್ರಿಲ್ 9ರಂದು ಹೊಸ ನೂಲಿನ ಪೇಟೆಂಟಿಗೆ ಅರ್ಜಿ ಹೋಯಿತು. ಏಪ್ರಿಲ್ 29ರಂದು ಅವರು ಪ್ರಾಣ ಕಳೆದುಕೊಂಡರು. ವಯಸ್ಸು ನಲವತ್ತೊಂದು. ಮಗಳು ಹುಟ್ಟಿದ್ದು ಅದೇ ವರ್ಷದ ನವೆಂಬರಿನಲ್ಲಿ.

ಮುಂದಿನದೆಲ್ಲ ಉತ್ಸವ. 1938ರ ಫೆಬ್ರವರಿಯಲ್ಲಿ ನೈಲಾನ್ ಕೂದಲಿನ ಹಲ್ಲುಜ್ಜುವ ಬ್ರಷ್ಷು ಅಂಗಡಿಗೆ ಬಂತು. ಅಲ್ಲಿಯತನಕ ಬ್ರಷ್ಷಿಗೆ ಹಂದಿಯ ಕೂದಲು ಹಾಕುತ್ತಿದ್ದರು ಎಂಬುದನ್ನು ನಮ್ಮ ಮಡಿವಂತ ಸದಸ್ಯರು ಗಮನಿಸಿ, ಕರಾದರ್ಸರಿಗೆ ಒಂದು ನಮಸ್ಕಾರ ಸಲ್ಲಿಸಬಹುದು! ಅಕ್ಟೋಬರ್ 27ರಂದು, ನ್ಯೂಯಾರ್ಕಿನಲ್ಲಿ ಮುಂದಿನ ವರ್ಷದ ವಿಶ್ವಮೇಳಕ್ಕೆ ಸಿದ್ಧವಾಗುತ್ತಿದ್ದ ಜಾಗದಲ್ಲಿ ಸೇರಿದ್ದ ಸಾವಿರಾರು ಮಹಿಳೆಯರ ಎದುರು ಕಂಪೆನಿಯ ಉಪಾಧ್ಯಕ್ಷ ಚಾರ್ಲ್ಸ್ ಸ್ಟೈನ್ 'ನೈಲಾನ್' ಎಂಬ ಹೆಸರನ್ನು ಘೋಷಿಸಿದರು. ಇದು ನಾಮಕರಣ. 1939ರ ಅಕ್ಟೋಬರ್ 24ರಂದು ವಿಲ್ಮಿಂಗ್ಟನ್ನಿನಲ್ಲಿ ಮಾರಾಟಕ್ಕಿಟ್ಟ 4,000 ಜೊತೆ ಸ್ಟಾಕಿಂಗ್ಸ್ ಮೂರು ಗಂಟೆಯಲ್ಲಿ ಖರ್ಚಾದವು. 1940ರ ಮೇ 15ರಂದು ದೇಶಾದ್ಯಂತ ಮಾರಾಟ ಆರಂಭ; ಮೊದಲ ವರ್ಷದಲ್ಲಿ ಹೋದದ್ದು ಸುಮಾರು 6 ಕೋಟಿ 40 ಲಕ್ಷ ಜೊತೆ. ಪತ್ರಿಕೆಗಳು ನೆನೆಯುವ ವಾರ್ಷಿಕೋತ್ಸವ ಇದೇ.

ಅದುವರೆಗೆ ಸ್ಟಾಕಿಂಗ್ಸಿಗೆ ಬೇಕಾದ ರೇಷ್ಮೆ ಬಹುಪಾಲು ಜಪಾನಿನಿಂದ ಬರುತ್ತಿತ್ತು. 1941ರಲ್ಲಿ ಅದು ನಿಂತಿತು. 1942ರಲ್ಲಿ ನೈಲಾನೂ ಅಂಗಡಿಯಿಂದ ಮಾಯವಾಗಿ ಪ್ಯಾರಾಶೂಟಿಗೆ, ಹಗ್ಗಕ್ಕೆ ಹೋಯಿತು. ಯುದ್ಧಕಾಲದ ಪ್ಯಾರಾಶೂಟಿನ ಬೇಡಿಕೆ ನಮ್ಮ ಮೈಸೂರು ಸೀಮೆಯ ರೇಷ್ಮೆಯವರಿಗೂ ತಟ್ಟಿತ್ತು. ಒಂದೇ ಕೊಡೆಯ ಬಟ್ಟೆಗೆ ಅಲ್ಲಿ ಹಿಪ್ಪನೇರಳೆ ಸೊಪ್ಪು, ಇಲ್ಲಿ ಬೆಂಜೀನು. ಯುದ್ಧ ಮುಗಿದು ಸ್ಟಾಕಿಂಗ್ಸ್ ಮರಳಿ ಬಂದಾಗ, 1946ರ ಜೂನ್ ತಿಂಗಳಲ್ಲಿ ಪಿಟ್ಸ್‌ಬರ್ಗಿನಲ್ಲಿ 13,000 ಜೊತೆಗಾಗಿ ಸುಮಾರು 40,000 ಜನ ಸಾಲು ನಿಂತು ನೂಕುನುಗ್ಗಲಾಯಿತು. ಆ ಸಾಲಿನಲ್ಲಿ ಕರಾದರ್ಸರ ಹೆಸರು ಕೇಳಿದ್ದವರು ಎಷ್ಟು ಮಂದಿ ಇದ್ದಾರು? ಅದೇ ವರ್ಷ ಕಂಪೆನಿಯವರು ತಮ್ಮ ನೈಲಾನ್ ಸಂಶೋಧನಾಲಯಕ್ಕೆ ಅವರ ಹೆಸರಿಟ್ಟರೆಂಬುದನ್ನೂ ನ್ಯಾಯವಾಗಿ ಹೇಳಬೇಕು.

ಹದಿನೈದು ಸೆಂಟಿನ ತಿಂಡಿ

ಮೂರನೆಯದು ನಮ್ಮ ಮಕ್ಕಳಿಗೆ ಪಾಠ ಹೇಳಿಕೊಡಬೇಕಾಗಿಲ್ಲದ ವಿಷಯ. ಸಸ್ಯಾಹಾರಿಗಳ ಮನೆಯಲ್ಲೂ ಕಾರಿನ ಹಿಂದಿನ ಸೀಟಿನಿಂದ ಆ ಹಳದಿ ಕಮಾನನ್ನು ಮೊದಲು ಗುರುತಿಸುವವರು ಅವರೇ.

ರಿಚರ್ಡ್ ಮತ್ತು ಮಾರಿಸ್ ಮೆಕ್‌ಡೊನಾಲ್ಡ್ ಎಂಬ ಅಣ್ಣತಮ್ಮಂದಿರು ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಊರಿನಲ್ಲಿ ತಮ್ಮ ಹೋಟೆಲ್ ತೆರೆದದ್ದು 1940ರ ಮೇ 15. ಆಗ ಅದು ಕಾರಿನ ಬಳಿಗೇ ಹುಡುಗಿಯರು ತಿಂಡಿ ತಂದುಕೊಡುವ ಮಾಮೂಲು ಹೋಟೆಲು. ವ್ಯಾಪಾರ ಚೆನ್ನಾಗಿಯೇ ಇತ್ತು. ಆದರೂ 1948ರಲ್ಲಿ ಮೂರು ತಿಂಗಳು ಬಾಗಿಲು ಮುಚ್ಚಿ ಎಲ್ಲವನ್ನೂ ಬದಲಾಯಿಸಿದರು. ತಂದುಕೊಡುವವರು ಬೇಡ, ತಟ್ಟೆ ಚಮಚ ಬೇಡ, ಹತ್ತಾರು ಬಗೆಯ ತಿಂಡಿಯೂ ಬೇಡ. ಅಡಿಗೆಮನೆಯಲ್ಲಿ ಯಾರು ಎಲ್ಲಿ ನಿಂತರೆ ಎಷ್ಟು ಹೆಜ್ಜೆ ಉಳಿಯುತ್ತದೆಂದು ತಿಳಿಯಲು ಟೆನಿಸ್ ಅಂಗಳದ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆ ಬರೆದು, ಕೆಲಸಗಾರರನ್ನು ಅದರ ಮೇಲೆ ಓಡಾಡಿಸಿ ನೋಡಿದರು. ಫಲ: ಹದಿನೈದು ಸೆಂಟಿಗೆ ಹ್ಯಾಂಬರ್ಗರ್, ಕಾಯದೆ ಕೈಗೆ. ನಾವು ಪ್ರಯೋಗಾಲಯದವರು ಇದನ್ನು ಸಂಶೋಧನೆ ಎಂದೇ ಕರೆಯುತ್ತೇವೆ.

1954ರಲ್ಲಿ ಮಿಲ್ಕ್‌ಶೇಕ್ ಕಡೆಯುವ ಯಂತ್ರ ಮಾರುತ್ತಿದ್ದ ರೇ ಕ್ರಾಕ್ ಎಂಬುವರು, ಒಂದೇ ಹೋಟೆಲಿಗೆ ಎಂಟು ಯಂತ್ರ ಏಕೆ ಬೇಕಾಯಿತೆಂದು ನೋಡಲು ಬಂದರು. ಕಂಡದ್ದನ್ನು ಮೆಚ್ಚಿ, ಶಾಖೆ ತೆರೆಯಿಸುವ ಹಕ್ಕು ಪಡೆದು, 1955ರ ಏಪ್ರಿಲ್ 15ರಂದು ಇಲಿನಾಯ್ ಸಂಸ್ಥಾನದ ಡೆ ಪ್ಲೇನ್ಸ್‌ನಲ್ಲಿ ತಮ್ಮ ಹೋಟೆಲು ತೆರೆದರು. ಮೊದಲ ದಿನದ ವ್ಯಾಪಾರ 366 ಡಾಲರ್ 12 ಸೆಂಟು. 1961ರಲ್ಲಿ 27 ಲಕ್ಷ ಡಾಲರಿಗೆ ಅಣ್ಣತಮ್ಮಂದಿರಿಂದ ಎಲ್ಲವನ್ನೂ ಕೊಂಡುಕೊಂಡರು. ಹೆಸರೂ ಅದರಲ್ಲಿ ಸೇರಿತ್ತು! ಮೆಕ್‌ಡೊನಾಲ್ಡರು ತಮ್ಮ ಸ್ವಂತ ಹೋಟೆಲಿನ ಮೇಲಿಂದ ಮೆಕ್‌ಡೊನಾಲ್ಡ್ ಎಂಬ ಹೆಸರನ್ನು ತೆಗೆಯಬೇಕಾಯಿತು. ಸ್ವಲ್ಪ ಕಾಲದ ಮೇಲೆ ಹತ್ತಿರದಲ್ಲೇ ಕಂಪೆನಿಯ ಹೋಟೆಲು ಬಂತು, ಇವರದು ಮುಚ್ಚಿತು.

ಕಂಪೆನಿಯವರು ತಮ್ಮ ಜನ್ಮದಿನವೆಂದು ಲೆಕ್ಕ ಹಿಡಿದದ್ದು 1955ರ ಏಪ್ರಿಲ್ 15. ಡೆ ಪ್ಲೇನ್ಸ್ ಹೋಟೆಲು 'ಒಂದನೆಯ ನಂಬರು' ಎನಿಸಿಕೊಂಡಿತು. 1985ರಲ್ಲಿ ಅಲ್ಲಿ ವಸ್ತುಸಂಗ್ರಹಾಲಯವನ್ನೂ ತೆರೆದರು. ಈಗ ಅದೂ ಇಲ್ಲ. ಸ್ಯಾನ್ ಬರ್ನಾರ್ಡಿನೋದ ಮೂಲ ಹೋಟೆಲಿಗಂತೂ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಕ್ರಾಕ್ ಬರುವ ಮುನ್ನವೇ ಅಣ್ಣತಮ್ಮಂದಿರು 1953ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಶಾಖೆ ಕೊಟ್ಟಿದ್ದದ್ದೂ ಲೆಕ್ಕಕ್ಕೆ ಬರಲಿಲ್ಲ. 1984ರಲ್ಲಿ ಕಂಪೆನಿಯ ಐದು ಸಾವಿರ ಕೋಟಿಯ ಹ್ಯಾಂಬರ್ಗರನ್ನು ಸಮಾರಂಭದಲ್ಲಿ ರಿಚರ್ಡರ ಕೈಗೆ ಕೊಟ್ಟರು. ಮಾರಿಸ್ ಆ ಹೊತ್ತಿಗೆ ತೀರಿಕೊಂಡು ಹದಿಮೂರು ವರ್ಷವಾಗಿತ್ತು.

ಮಾರಿದವರ ಪಾಲು

ಇಷ್ಟು ಹೇಳಿದರೆ, ಮಾರಿದವರೆಲ್ಲ ಕಳ್ಳರು, ಮಾಡಿದವರೆಲ್ಲ ಸಾಧುಗಳು ಎಂದು ಹೇಳಿದಂತಾಗಬಾರದು. ಅದು ನಿಜವಲ್ಲ.

ಹರಳೆಣ್ಣೆಯ ಮಾತು ತಲೆಬರಹದಲ್ಲಿ ಬಂತಷ್ಟೆ. ಕರಾದರ್ಸರ ಕಡೆಯವರಿಗೆ ಹಿಡಿಸಿದ್ದು ಬೇರೊಂದು ಪದಾರ್ಥ. ಐದು ಕಾರ್ಬನ್ನಿನ ಡೈಅಮೀನು, ಹತ್ತು ಕಾರ್ಬನ್ನಿನ ಆಮ್ಲ ಸೇರಿಸಿದ್ದು. ಆ ಹತ್ತು ಕಾರ್ಬನ್ನಿನ ಆಮ್ಲ ಬರುವುದು ಹರಳೆಣ್ಣೆಯಿಂದ. ಬೇಡ, ಬೆಂಜೀನಿನಿಂದ ಅಗ್ಗವಾಗಿ ಮಾಡಬಹುದಾದ ಆರು-ಆರನ್ನೇ ಹಿಡಿಯೋಣ ಎಂದು ತೀರ್ಮಾನಿಸಿದವರು ಅವರ ಮೇಲಧಿಕಾರಿ ಎಲ್ಮರ್ ಬೋಲ್ಟನ್. ಅವರೆಂದದ್ದು ಸರಿಯಾಯಿತು. ಪರೀಕ್ಷಾನಳಿಗೆಯಲ್ಲಿ ಹತ್ತು ಗ್ರಾಮು ಮಾಡುವುದಕ್ಕೂ ಕಾರ್ಖಾನೆಯಲ್ಲಿ ಟನ್ನುಗಟ್ಟಲೆ ಮಾಡುವುದಕ್ಕೂ ಎಷ್ಟು ಅಂತರವೆಂಬುದು ಮಾಡಿದವರಿಗೇ ಗೊತ್ತು. ಮನೆಮಂದಿಗೆ ಸಾರು ಮಾಡುವವರನ್ನು ಮದುವೆ ಛತ್ರದಲ್ಲಿ ನಿಲ್ಲಿಸಿದ ಹಾಗೆ. ಅದೇ ರೀತಿ ಧ್ವನಿಯ ಸಾಹಸ ಮಾಡದಿದ್ದರೆ ಇಲಿ ಮೂಲೆಯಲ್ಲಿಯೇ ಉಳಿಯುತ್ತಿತ್ತು. ಕ್ರಾಕ್ ಬರದಿದ್ದರೆ ಒಳ್ಳೆಯ ಹೋಟೆಲು ಆ ಊರಿಗಷ್ಟೇ ಗೊತ್ತಿರುತ್ತಿತ್ತು.

ಆದ್ದರಿಂದ ನಮ್ಮ ತಕರಾರು ಎರಡನೆಯ ತಾರೀಖಿನ ಮೇಲಲ್ಲ. ಮೊದಲನೆಯದನ್ನು ಒರಸಿಹಾಕುವುದರ ಮೇಲೆ. ತಾರೀಖು ಆರಿಸುವುದೆಂದರೆ ಬರಿಯ ಲೆಕ್ಕವಲ್ಲ. ಯಾರನ್ನು ವೇದಿಕೆಯ ಮೇಲೆ ಕೂರಿಸಬೇಕೆಂದು ಆರಿಸುವುದೂ ಹೌದು. ನವೆಂಬರ್ 18 ಎಂದರೆ ಡಿಸ್ನಿ. ಮೇ 15 ಎಂದಿದ್ದರೆ ಪಕ್ಕದಲ್ಲಿ ಐವರ್ಕ್ಸರಿಗೂ ಒಂದು ಕುರ್ಚಿ ಹಾಕಬೇಕಾಗುತ್ತಿತ್ತು. ನೈಲಾನಿಗೆ ಫೆಬ್ರವರಿ 28 ಎಂದರೆ ಕರಾದರ್ಸ್, ಬರ್ಷೆ. ಮೇ 15 ಎಂದರೆ ಅಂಗಡಿಯ ಗಿರಾಕಿಗಳು.

ಕಾನೂನಿಗೂ ಈ ಇಬ್ಬಂದಿ ತಪ್ಪಿದ್ದಲ್ಲ. ಅಮೆರಿಕದ ಪೇಟೆಂಟ್ ಪದ್ಧತಿ ಬಹುಕಾಲ ಪಂಚಾಂಗದ ಪಕ್ಷವನ್ನೇ ಹಿಡಿದಿತ್ತು. ಇಬ್ಬರು ಒಂದೇ ವಸ್ತುವಿಗೆ ಅರ್ಜಿ ಹಾಕಿದರೆ, ಯಾರು ಮೊದಲು ಕಂಡುಹಿಡಿದರೆಂದು ನೋಡುತ್ತಿದ್ದರು. ಅದಕ್ಕಾಗಿಯೇ ನಮ್ಮ ಪ್ರಯೋಗಾಲಯಗಳಲ್ಲಿ ಪ್ರತಿಯೊಂದು ಪುಟಕ್ಕೂ ತಾರೀಖು, ರುಜು, ಸಾಕ್ಷಿಯ ರುಜು ಹಾಕಿಸುವ ವಾಡಿಕೆ ಬಂತು. 2013ರ ಮಾರ್ಚ್ 16ರಿಂದ ಅದು ಬದಲಾಗಿ, ಮೊದಲು ಅರ್ಜಿ ಹಾಕಿದವರಿಗೆ ಹಕ್ಕು ಎಂದಾಯಿತು. ಅಂದರೆ ಕಾನೂನೂ ಸ್ಕೂಲ್ ರಿಜಿಸ್ಟರಿನ ಪಕ್ಷಕ್ಕೆ ಹೋಯಿತು. ಆದರೂ ಒಂದು ಕಟ್ಟಳೆ ಉಳಿದಿದೆ. ಹಕ್ಕು ಕಂಪೆನಿಯದಾದರೂ ಪೇಟೆಂಟಿನಲ್ಲಿ ಕಂಡುಹಿಡಿದವರ ಹೆಸರು ಇರಲೇಬೇಕು. 1938ರ ಸೆಪ್ಟೆಂಬರ್ 20ರಂದು ನೈಲಾನ್ ಪೇಟೆಂಟ್ ಮಂಜೂರಾದಾಗ, ತೀರಿಕೊಂಡು ಒಂದೂವರೆ ವರ್ಷವಾಗಿದ್ದರೂ, ಅದರ ಮೇಲಿದ್ದದ್ದು ಕರಾದರ್ಸರ ಹೆಸರೇ.

ಮಕ್ಕಳಿಗೆ ಏನು ಹೇಳೋಣ?

ಇದೆಲ್ಲ ಅಮೆರಿಕದವರ ಮನೆಯ ವಿಷಯ, ನಮಗೇಕೆ ಎಂದು ಕೇಳಬಹುದು. ನಮ್ಮ ಸಂಘದ ಸದಸ್ಯರಲ್ಲಿ ಬಹುಮಂದಿ ಕಂಪೆನಿಗಳಲ್ಲಿ, ಆಸ್ಪತ್ರೆಗಳಲ್ಲಿ, ಕಾಲೇಜುಗಳಲ್ಲಿ ಮೊದಲನೆಯ ತಾರೀಖಿನ ಕೆಲಸ ಮಾಡುವವರು. ಪೆಟ್ಟಿಗೆಯ ಮೇಲೆ ನಮ್ಮ ಹೆಸರು ಬರುವುದಿಲ್ಲ. ಬಿಡುಗಡೆಯ ಸಮಾರಂಭದಲ್ಲಿ ಮಾತನಾಡುವವರು ಬೇರೆಯವರು. ನಾವು ಹಿಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟುವವರು. ಇದರಲ್ಲಿ ಅವಮಾನವೇನೂ ಇಲ್ಲ. ಆದರೆ ಮನೆಯಲ್ಲಿ ಮಕ್ಕಳು ಸಮಾರಂಭದ ದಿನವನ್ನಷ್ಟೇ ಕಂಡು, ಕೆಲಸವೆಂದರೆ ಅಷ್ಟೇ ಎಂದುಕೊಂಡರೆ ಕಷ್ಟ. ನಾಲ್ಕು ಜನರ ಎದುರು ಬಾರದ ಕೆಲಸ ಕೆಲಸವೇ ಅಲ್ಲವೆಂದು ನಂಬಿದ ಮಗು, ಐದು ವರ್ಷ ಒಂದೇ ಪ್ರಶ್ನೆಯ ಹಿಂದೆ ಬೀಳುವುದಾದರೂ ಹೇಗೆ?

ಎರಡು ತಾರೀಖಿನ ಲೆಕ್ಕ ನಮಗೆ ಹೊಸದೂ ಅಲ್ಲ. ನಾವು ಪ್ರತಿವರ್ಷ ಆಚರಿಸುವ ನವೆಂಬರ್ 1ರಲ್ಲಿಯೇ ಎರಡು ದಿನ ಕೂಡಿಕೊಂಡಿವೆ. ರಾಜ್ಯ ಹುಟ್ಟಿದ್ದು 1956ರಲ್ಲಿ, ಮೈಸೂರು ಎಂಬ ಹೆಸರಿನಲ್ಲಿ. ಕರ್ನಾಟಕವೆಂದು ನಾಮಕರಣವಾದದ್ದು 1973ರಲ್ಲಿ, ಅದೇ ತಾರೀಖು. ಅದಕ್ಕಾಗಿ ಜೀವಮಾನವೆಲ್ಲ ದುಡಿದ ಆಲೂರು ವೆಂಕಟರಾಯರು 1964ರಲ್ಲಿ ತೀರಿಕೊಂಡರು. ಮಗುವನ್ನು ಕಂಡರು, ಹೆಸರನ್ನು ಕೇಳಲಿಲ್ಲ. ಕರ್ನಾಟಕ ಎಂದು ಕೂಗುವಾಗ ಅವರನ್ನು ನೆನೆಯುವುದು ನಮ್ಮವರು ಉಳಿಸಿಕೊಂಡು ಬಂದಿರುವ ಒಳ್ಳೆಯ ವಾಡಿಕೆ.

ಅದೇ ವಾಡಿಕೆಯನ್ನು ಇಲ್ಲಿನ ಹಬ್ಬಗಳಿಗೂ ಹಚ್ಚಬಹುದು. ಮುಂದಿನ ಸಲ ಟೆಲಿವಿಷನ್ನಿನವರು ಇಂಥದಕ್ಕೆ ಇಂದು ಇಷ್ಟು ವರ್ಷ ಎಂದಾಗ ಮಕ್ಕಳನ್ನು ಎರಡು ಪ್ರಶ್ನೆ ಕೇಳಿ: ಇದು ಮಾರಾಟಕ್ಕೆ ಬಂದ ದಿನವೋ, ತಯಾರಾದ ದಿನವೋ? ತಯಾರು ಮಾಡಿದವರು ಅಂದು ಅಲ್ಲಿದ್ದರೇ? ಊರಿನ ಲೈಬ್ರರಿಗೆ ಹೋದರೆ ಉತ್ತರ ಸಿಕ್ಕುತ್ತದೆ. ಅವರು ಹುಡುಕಿ ತಂದ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ಕಳಿಸಿದರೆ ನಮ್ಮ ಪತ್ರಿಕೆಯ ಮಕ್ಕಳ ಪುಟಕ್ಕೆ ಒಳ್ಳೆಯ ಸಾಮಗ್ರಿಯಾದೀತು. ಫೆಬ್ರವರಿ 28 ಚಳಿಗಾಲದ ದಿನ. ಹೊರಗೆ ಹೋಗುವ ಹಾಗಿರುವುದಿಲ್ಲ. ಆ ಸಂಜೆ ಒಂದು ಲೋಟ ಪಾಯಸ ಮಾಡಿ ಕರಾದರ್ಸರ ಕಥೆ ಹೇಳಲು ಅಡ್ಡಿಯೇನಿಲ್ಲ.